ಟೇಪಿಗೆ ಲೋಬಾನ

ಜಹನಾರಾ ಹಟಮಾರಿ ಎಂದು ಶಿವಾಜಿನಗರದ ಆ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮೀನಿನವನ ಮುಂದೆ ಚೌಕಾಸಿಗೆ ನಿಂತಳೆಂದರೆ ಅವನೇ ಕೈಮುಗಿದು ಕೊಟ್ಟು ಕಳಿಸಬೇಕು. ಹಟವಿಲ್ಲದ ಹೆಂಗಸಾಗಿದ್ದರೆ ಆ ಮುದಿ ಕಂಪ್ಯೂಟರಿನ ಮುಂದೆ ಇಷ್ಟು ವರ್ಷ ಕೂರುತ್ತಲೂ ಇರಲಿಲ್ಲ.

ಅವಳು ಕೆಲಸ ಮಾಡುವುದು ವೆಂಕಟಸ್ವಾಮಿಯವರ ಬೂಟಿನ ಕಾರ್ಖಾನೆಯಲ್ಲಿ. ಎಲ್ಲರೂ ಕೊಳ್ಳುವ ಬೂಟಲ್ಲ; ಸಕ್ಕರೆ ಕಾಯಿಲೆಯಿಂದಲೋ ಕುಷ್ಠದಿಂದಲೋ ಪಾದದ ಸ್ಪರ್ಶವನ್ನೇ ಕಳೆದುಕೊಂಡವರಿಗೆ ಒಬ್ಬೊಬ್ಬರ ಅಳತೆ ನೋಡಿ ಹೊಲಿಯುವ ಬೂಟು. ಇಂಥವರಿಗೆ ಬೂಟು ಕಚ್ಚಿದರೂ ತಿಳಿಯದು. ಹುಣ್ಣಾಗಿ ಕಾಲುಚೀಲ ಒದ್ದೆಯಾದ ಮೇಲೆಯೇ ತಿಳಿಯುವುದು. ಕೆ.ಆರ್.ಪುರದ ಸಂತೆಯಲ್ಲಿ ಸೊಪ್ಪು ಮಾರುವ ಭಾಗ್ಯಲಕ್ಷ್ಮಿ ಹಾಗೆಯೇ ಎರಡು ಬೆರಳು ಕಳೆದುಕೊಂಡಳು. ಆಮೇಲೆ ಬೂಟಿನೊಳಗೆ ಅಲ್ಲಿ ಚೂರು ತಗ್ಗಿಸಿ, ಇಲ್ಲಿ ಚೂರು ಮೆತ್ತೆ ಏರಿಸಿ, ಗಾಯ ನಿಂತಾಗ ಆ ಅಳತೆಯನ್ನು ಜಹನಾರಾ ಕಂಪ್ಯೂಟರಿಗೆ ಸೇರಿಸಿದಳು. ಅದರೊಳಗಿನ ಪ್ರತಿ ಅಂಕಿಯನ್ನೂ ಯಾರದೋ ಪಾದ ಗಾಯವಾಗಿಯೇ ಕಲಿಸಿದೆ. ಅಳಿಸಿಹೋದರೆ ಮತ್ತೆ ಕಲಿಯಲು ಮತ್ತೆ ಗಾಯವೇ ಆಗಬೇಕು.

ಆ ಕಂಪ್ಯೂಟರ್ ಹೊರದೇಶದ ದಾನಿಗಳು ಎಂದೋ ಕೊಟ್ಟದ್ದು. ಬಂದ ದಿನ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದಿದ್ದರು. ಟೈಪಿಂಗ್ ಪಾಸಾಗಿದ್ದ ಈ ಹುಡುಗಿ ಮಾತ್ರ ಕುರ್ಚಿ ಎಳೆದುಕೊಂಡಳು. ಅದಕ್ಕೆ ಪೆನ್‌ಡ್ರೈವೂ ಸೇರದು, ಇಂಟರ್ನೆಟ್ಟೂ ಗೊತ್ತಿಲ್ಲ. ಸಂಜೆ ಬಾಗಿಲು ಮುಚ್ಚುವಾಗ ಎಲ್ಲ ಅಳತೆಗಳನ್ನೂ ಹಾಡಿನ ಕ್ಯಾಸೆಟ್ಟಿನಂಥ ಒಂದು ಟೇಪಿಗೆ ನಕಲು ಮಾಡಿಡಬೇಕು. ವಾರದ ಒಂದೊಂದು ದಿನಕ್ಕೂ ಒಂದೊಂದು ಟೇಪು.

ಈ ವರ್ಷ ಅಳತೆಗಳನ್ನೆಲ್ಲ ಹೊತ್ತಿದ್ದ ಒಳಗಿನ ಡಿಸ್ಕು ನರಳತೊಡಗಿತು. ಮಹದೇವಪುರದ ರಿಪೇರಿ ಮುರಳಿ ಫೋನಿನಲ್ಲೇ ಆ ಸದ್ದು ಕೇಳಿಸಿಕೊಂಡ.

"ಮೇಡಂ, ಇದು ಇವತ್ತೋ ನಾಳೆಯೋ ಹೋಗ್ಬಿಡತ್ತೆ. ಚೆನ್ನಾಗಿ ಓದೋ ಒಂದೇ ಒಂದು ಟೇಪ್ ಕೊಡಿ, ಹೊಸ ಮಷೀನಿಗೆ ಹಾಕ್ಕೊಡ್ತೀನಿ. ಆದ್ರೆ ಬ್ಯಾಕಪ್ ಆಯ್ತು ಅಂತ ಸ್ಕ್ರೀನ್ ಮೇಲೆ ಬಂದ್ರೆ ನಂಬ್ಬೇಡಿ. ವಾಪಸ್ ಓದಿಸಿ ನೋಡಿ."

ಓದಿಸಿ ನೋಡಿದಳು. ಗುರುವಾರದ ಟೇಪು ಅರ್ಧಕ್ಕೇ ಮುಗ್ಗರಿಸಿತು. ಉಳಿದವು ಒಮ್ಮೆ ಓದಿದರೆ ಇನ್ನೊಮ್ಮೆ ತಡವರಿಸುತ್ತಿದ್ದವು, ನಂಬಿ ಕೊಡುವಂತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಅವಳೂ ಮೊದಲು ಟೇಪನ್ನೇ ಬೈದು, ಹಳೆ ಎಲೆಕ್ಟ್ರಾನಿಕ್ ಸಾಮಾನಿನ ಎಸ್.ಪಿ. ರೋಡೆಲ್ಲ ಅಲೆದು ಬೇರೊಂದು ತಂದಳು. ಅದೂ ಮುಗ್ಗರಿಸಿತು. ಕೇಬಲ್ ಬಿಚ್ಚಿ ಹಾಕಿದಳು. ಏನೂ ಆಗಲಿಲ್ಲ. ವೆಂಕಟಸ್ವಾಮಿ ಕಂಡುಕೊಂಡ ಮದ್ದೇ ಬೇರೆ.

"ಯಾರದೋ ಕಣ್ಣು ಬಿದ್ದಿದೆ. ಹಬೀಬ್ ಸಾಹೇಬ್ರಿಗೆ ದಿನಾ ಬರೋಕೆ ಹೇಳು."

ಹಬೀಬ್ ಸಾಹೇಬರು ಗುರುವಾರ ಗುರುವಾರ ಓಣಿಯ ಅಂಗಡಿಗಳಿಗೆಲ್ಲ ಲೋಬಾನದ ಹೊಗೆ ಹಿಡಿಯುವವರು. ಕೆಂಡದ ಬಟ್ಟಲು, ನವಿಲುಗರಿಯ ಬೀಸಣಿಗೆ, ತುಟಿಯ ಮೇಲೆ ದುವಾ. ಹಿಂದೂ ಅಂಗಡಿ, ಮುಸ್ಲಿಂ ಅಂಗಡಿ ಎಂಬ ಭೇದ ಅವರ ಹೊಗೆಗೆ ಇಲ್ಲ. ಅವರು ದಿನಾ ಸಂಜೆ ಬರತೊಡಗಿದರು. ಟೇಪ್ ಓದುವ ಪೆಟ್ಟಿಗೆಯ ಮುಂದೆ ಇನ್ನೊಂದು ಸುತ್ತು ಜಾಸ್ತಿ ಬೀಸಿ ಎಂದು ಕೇಳಿಕೊಂಡವಳು ಜಹನಾರಾಳೇ. ಹದಿನೈದು ದಿನದೊಳಗೆ ಶನಿವಾರದ ಟೇಪೂ ಹೋಯಿತು, ಸೋಮವಾರದ್ದೂ ಹೋಯಿತು. ಕೊನೆಗೆ ಓದುವ ಟೇಪು ಒಂದೂ ಉಳಿಯಲಿಲ್ಲ. ಆ ದಿನ ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು.

ಮುರಳಿ ಫೋನಿನಲ್ಲಿ ಹೇಳಿಕೊಟ್ಟಂತೆ ಮರುದಿನ ಬೆಳಿಗ್ಗೆ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಟೇಪ್ ಓದುವ ಹೆಡ್ಡನ್ನು ಒರೆಸಿದಳು. ಹತ್ತಿ ಕಂದಾಯಿತು. ಬೆಳ್ಳಗೆ ಬರುವವರೆಗೂ ಒರೆಸಿದಳು. ಸಂಜೆ ಎಂದಿನಂತೆ ಹೊಗೆ, ಎಂದಿನಂತೆ ನಕಲು, ಎಂದಿನಂತೆ ಮುಗ್ಗರಿಕೆ. ಮತ್ತೆ ಒರೆಸಿದರೆ ಹತ್ತಿ ಮತ್ತೆ ಕಂದು, ಅಂಟಂಟು. ಮೂಗಿನ ಹತ್ತಿರ ಹಿಡಿದಳು. ಲೋಬಾನ! ಮದ್ದೆಂದುಕೊಂಡು ದಿನಾ ವಿಷ ಹಾಕುತ್ತಿದ್ದೆವಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

"ಇಪ್ಪತ್ತು ವರ್ಷದಿಂದ ಹೊಗೆ ಹಾಕಿಸ್ತಿದೀವಿ. ಆಗ ಆಗ್ದೇ ಇದ್ದದ್ದು ಈಗ ಆಗತ್ತಾ?" ಎಂದರು ವೆಂಕಟಸ್ವಾಮಿ.

"ಆಗ ಮಷೀನು ಹಿಂದಿನ ರೂಮಲ್ಲಿತ್ತು ಸಾರ್. ಸೂರು ಸೋರ್ತು ಅಂತ ಹೋದ ವರ್ಷ ಬಾಗ್ಲ ಹತ್ರ ತಂದಿಟ್ವಿ."

"ದೇವರ ಕೆಲಸ ನಿಲ್ಸಿ ಪಾಪ ಕಟ್ಕೊಳ್ಳೋನಲ್ಲ ನಾನು."

"ಹಾಗಾದ್ರೆ ನಾನೇ ಕಟ್ಕೋತೀನಿ," ಎಂದಳು ಜಹನಾರಾ.

ಟೇಪು ಓಡುವ ಹಾದಿಯನ್ನೆಲ್ಲ ಒರೆಸಿ, ಮರುಸಂಜೆ ಹೊಸ್ತಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಳು. ಹಬೀಬ್ ಸಾಹೇಬರು ಬಂದರು. ತಾನು ತೊಟ್ಟಿಲಲ್ಲಿದ್ದಾಗ ಇದೇ ಹೊಗೆ ಹಿಡಿದ ಕೈ ಅದು. ಆದರೂ ಅವಳು ಏಳಲಿಲ್ಲ. ಹತ್ತಿಯ ತುಂಡನ್ನು ಅವರ ಕೈಗಿಟ್ಟು ಎಲ್ಲ ಹೇಳಿದಳು.

ಮುದುಕರು ಅದನ್ನು ಮೂಸಿ ನೋಡಿದರು. ಮುಖ ಸಣ್ಣದಾಯಿತು.

"ನನ್ನ ಹೊಗೆಯಿಂದ ಯಾರ ಕಾಲಿಗೂ ಗಾಯ ಆಗ್ಬಾರ್ದು ಬೇಟಿ," ಎಂದವರೇ ಬಟ್ಟಲಿಗೆ ಮುಚ್ಚಳ ಹಾಕಿದರು. "ದುವಾಗೆ ಹೊಗೆ ಯಾಕೆ? ಬರೀ ಕೈಯಲ್ಲೂ ಮಾಡ್ಬಹುದು." ಹೊರಗೆ ನಿಂತೇ ಮಾಡಿ ಹೋದರು.

ಅಂದಿನ ಟೇಪು ಮೊದಲಿಂದ ಕೊನೆಯವರೆಗೂ ಓದಿತು. ನಂಬಿಕೆ ಬಾರದೆ ಇನ್ನೊಮ್ಮೆ ಓದಿಸಿದಳು. ಓದಿತು.

ಬೆಳಿಗ್ಗೆ ಬಂದು ಸ್ವಿಚ್ ಒತ್ತಿದರೆ ಡಿಸ್ಕು ಒಮ್ಮೆ ಕಟಕಟ ಎಂದು ಸುಮ್ಮನಾಯಿತು. ಮತ್ತೆ ಏಳಲೇ ಇಲ್ಲ.

"ನೋಡಿದ್ಯಾ?" ವೆಂಕಟಸ್ವಾಮಿಯವರ ದನಿ ಓಣಿಗೆಲ್ಲ ಕೇಳಿಸಿತು. "ಹೊಗೆ ನಿಲ್ಸಿದ್ದೇ ತಡ, ಸತ್ತೇಹೋಯ್ತು!"

ಹೊಲಿಗೆಯವರೆಲ್ಲ ತಲೆಯೆತ್ತಿ ಅವಳನ್ನೇ ನೋಡಿದರು. ಅವಳು ವಾದಕ್ಕೆ ನಿಲ್ಲಲಿಲ್ಲ. ಟೇಪನ್ನು ಊಟದ ಚೀಲದೊಳಗಿಟ್ಟುಕೊಂಡು ಮಹದೇವಪುರದ ಬಸ್ಸು ಹತ್ತಿದಳು. ಮುರಳಿ ತನ್ನ ಹಳೆಯ ಟೇಪ್ ಡ್ರೈವಿಗೆ ಅದನ್ನು ತೂರಿಸಿದ. ಎರಡು ಸಲ ತಿರಸ್ಕರಿಸಿದ ಡ್ರೈವು ಮೂರನೆಯ ಸಲ ಒಪ್ಪಿತು. ಪರದೆಯ ಮೇಲೆ ಹೆಸರುಗಳು ಇಳಿಯತೊಡಗಿದಾಗ ಜಹನಾರಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುರಳಿ ನೋಡಿದರೂ ನಾಚಲಿಲ್ಲ.

ಆ ತಿಂಗಳು ಭಾಗ್ಯಲಕ್ಷ್ಮಿ ಅಟ್ಟೆ ಸವೆದ ಬೂಟು ಹಿಡಿದು ಬಂದಳು. ಹೊಸ ಯಂತ್ರದಿಂದ ಅವಳ ಅಳತೆ ತೆಗೆದು ಹೊಲಿದುಕೊಟ್ಟರು. ವಾರ ಕಳೆದ ಮೇಲೆ ಕರೆಸಿ ಬೆಂಚಿನ ಮೇಲೆ ಕೂರಿಸಿದರು. ವೆಂಕಟಸ್ವಾಮಿ ಎಲ್ಲಿಗೋ ಹೊರಟವರಂತೆ ಬಂದು ಪಕ್ಕದಲ್ಲೇ ನಿಂತರು.

"ಎಲ್ಲಾದ್ರೂ ಕಚ್ತಾ?" ಎಂದು ಕೇಳಿದರು.

"ಕಚ್ಚಿದ್ರೂ ನಂಗೆಲ್ಲಿ ಗೊತ್ತಾಗತ್ತೆ ಸ್ವಾಮಿ? ನೀವೇ ನೋಡ್ಬೇಕು."

ಜಹನಾರಾ ನೆಲಕ್ಕೆ ಕೂತು ಬೂಟು ಕಳಚಿ, ಮೂರೇ ಬೆರಳಿದ್ದ ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು. ಅಂಗಾಲು, ಹಿಮ್ಮಡಿ, ಬೆರಳಿದ್ದ ಜಾಗ, ಎಲ್ಲವನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಎಲ್ಲೂ ಒಂದು ಕೆಂಪು ಚುಕ್ಕೆಯೂ ಇರಲಿಲ್ಲ.