ಸುಡದ ಅಂಗಾಲು

ಇವತ್ತು ಬೆಳಿಗ್ಗೆ ಕಾಲ ಮೇಲೆ ಕಾಲು ಹಾಕಿಕೊಂಡು ಪೇಪರ್ ಓದಿ ಎದ್ದರೆ ಎಡಗಾಲು ಜೋಮು ಹಿಡಿದಿತ್ತು. ನೀವಾಗಿದ್ದರೆ ಎರಡು ಸಲ ಕೊಡವಿ ಮರೆತುಬಿಡುತ್ತಿದ್ದಿರಿ. ನಾನು ಹಾಗಲ್ಲ. ಒಂದೊಂದೇ ಬೆರಳು ಚಿವುಟಿ ನೋಡಿದೆ, ಹಿಮ್ಮಡಿ ಎತ್ತಿ ನಿಂತೆ, ಮೆಟ್ಟಿಲನ್ನು ಮೂರು ಸಲ ಹತ್ತಿ ಇಳಿದೆ. “ಶುರುವಾಯ್ತಾ ನಿಮ್ಮ ಡ್ರಿಲ್ಲು?” ಅಂದಳು ಹೆಂಡತಿ ಒಳಗಿನಿಂದ. ಜೋಮು ಬಿಟ್ಟ ಮೇಲೂ ಕೂರಲಾಗಲಿಲ್ಲ. ಮೂರು ವರ್ಷದಿಂದ ನಾನು ಹೀಗೇ.

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯ ಒಂದು ಎಸ್ಟೇಟಿನಲ್ಲಿ ನಾನು ರೈಟರ್. ಹಾಜರಿ ಹಾಕುವುದು, ಕೆಲಸ ಹಂಚುವುದು, ಗದರುವುದು ನನ್ನ ಕೆಲಸ. ಮೂರನೆಯದರಲ್ಲಿ ನನ್ನನ್ನು ಮೀರಿಸುವವರು ಈ ಸೀಮೆಯಲ್ಲಿ ಇರಲಿಲ್ಲ.

ಕಾಫಿ ಕಣವನ್ನು ನೀವು ನೋಡಿದ್ದೀರೋ ಇಲ್ಲವೋ. ಹಣ್ಣಿನ ಸಿಪ್ಪೆ ತೆಗೆದು ತೊಳೆದ ಬೀಜಕ್ಕೆ ನಾವು ಪಾರ್ಚ್‌ಮೆಂಟ್ ಅನ್ನುತ್ತೇವೆ. ಅದನ್ನು ಸಿಮೆಂಟಿನ ಕಣದಲ್ಲಿ ಹರವಿ, ಬರಿಗಾಲನ್ನು ಎಳೆಯುತ್ತಾ ಸಾಲು ಮಾಡುತ್ತಾ ಒಣಗಿಸಬೇಕು. ಚಪ್ಪಲಿ ಹಾಕಿದರೆ ಬೀಜದ ಹೊಟ್ಟು ಒಡೆಯುತ್ತದೆ. ಈ ಕೆಲಸದಲ್ಲಿ ನಮ್ಮ ಕಣದ ಆಳು ಸುಶೀಲ ಎತ್ತಿದ ಕೈ, ಅಲ್ಲ, ಎತ್ತಿದ ಕಾಲು. ಬೀಜ ಎಷ್ಟು ಒಣಗಿದೆ ಎಂದು ಅಂಗಾಲಿನಲ್ಲೇ ಹೇಳುತ್ತಿದ್ದಳು. “ಇನ್ನೊಂದು ಬಿಸ್ಲು ಬೇಕು ರೈಟ್ರೇ” ಅಂದರೆ ಬೇಕು. ತೇವ ಅಳೆಯುವ ಮೀಟರ್ ಇಟ್ಟು ನೋಡಿ ಎಷ್ಟೋ ಸಲ ಸೋತಿದ್ದೇನೆ, ಸೋತೆ ಎಂದು ಹೇಳಿರಲಿಲ್ಲ ಅಷ್ಟೇ.

ಮೂರು ವರ್ಷದ ಹಿಂದೆ ಕೊಯ್ಲಿನ ನಡುವೆ ಕೂಲಿಯವರ ಲೈನ್ ಮನೆಗಳಿಗೆಲ್ಲ ವೈರಲ್ ಜ್ವರ ಬಂತು. ಸುಶೀಲಳೂ ಒಂದು ವಾರ ಮಲಗಿದಳು. ಎದ್ದು ಹತ್ತು ದಿನ ಕಳೆದ ಮೇಲೆ ಕಣಕ್ಕೆ ಬಂದಳು. ಮುಖ ಇಳಿದಿತ್ತು, ಉಳಿದಂತೆ ಸರಿಯಾಗಿದ್ದಳು. ಸರಿಯಾಗಿದ್ದಳು ಅಂದುಕೊಂಡೆ.

ಅವತ್ತು ಮಧ್ಯಾಹ್ನ ಕಣ ಕಾದ ಹೆಂಚಾಗಿತ್ತು. ಹುಡುಗಿಯರೆಲ್ಲ ಕುಣಿದುಕೊಂಡು ನೆರಳಿಗೆ ಓಡಿದರು. ಸುಶೀಲ ಒಬ್ಬಳೇ ಬಿಸಿಲಿನಲ್ಲಿ ನಿಧಾನಕ್ಕೆ ಸಾಲು ಎಳೆಯುತ್ತಿದ್ದಳು. ಆಮೇಲೆ ನನ್ನ ಹತ್ತಿರ ಬಂದು “ರೈಟ್ರೇ, ಒಂದ್ಮಾತು...” ಅಂದಳು. ನನಗೆ ಎಲ್ಲಿತ್ತು ವ್ಯವಧಾನ! ಹುಡುಗಿಯರ ಕಡೆ ತಿರುಗಿ, “ನೋಡಿ ಕಲೀರಿ ಇವಳ್ನ! ಜ್ವರದಿಂದ ಎದ್ದು ಬಂದವಳಿಗೆ ಸುಡೋದಿಲ್ಲ, ನಿಮಗೆ ಮಾತ್ರ ಸುಡುತ್ತಾ? ಕೆಲಸ ಅಂದ್ರೆ ಇದು!” ಎಂದು ಕೂಗಿದೆ. ಸುಶೀಲ ನಕ್ಕು ಮತ್ತೆ ಕಣಕ್ಕೆ ಇಳಿದಳು. ಇಳಿಯುವಾಗ ಅವಳ ಹಿಮ್ಮಡಿಯಲ್ಲಿ ಸುಟ್ಟು ಎದ್ದಿದ್ದ ಬೊಬ್ಬೆ ನನಗೆ ಕಂಡಿತು. ಹೌದು, ಕಂಡಿತು. ಮೂರು ಸಾಲು ಬಾಕಿ ಇತ್ತು, ಸಂಜೆ ಹೇಳೋಣ ಅಂದುಕೊಂಡೆ. ಸಂಜೆ ಮರೆತೆ.

ಮರುದಿನ ಅವಳ ಪಾದ ಮೇಲೇಳಲಿಲ್ಲ. ಅದರ ಮರುದಿನ ಮೊಣಕಾಲು. ನೆಲಕ್ಕೆ ಕೂತವಳು ಏಳಲಾರದೆ ಹೋದಾಗ ಜೀಪಿನಲ್ಲಿ ಹಾಕಿಕೊಂಡು ಮೂಡಿಗೆರೆಗೆ, ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋದೆವು. ಘಾಟಿಯಲ್ಲಿ ಅವಳ ಮಾತು ಸಣ್ಣದಾಗುತ್ತಾ ಬಂತು. ಮಾತಾಡು, ಮಾತಾಡು ಎಂದು ನಾನು ದಾರಿಯುದ್ದಕ್ಕೂ ಗದರುತ್ತಲೇ ಇದ್ದೆ. ನನಗೆ ಗೊತ್ತಿದ್ದ ವಿದ್ಯೆ ಅದೊಂದೇ.

“ಜ್ವರದ ವೈರಸ್ ಯಾವಾಗಲೋ ಹೋಗಿದೆ” ಅಂದರು ಅಲ್ಲಿನ ಡಾಕ್ಟರು. “ಅದನ್ನ ಹೊಡೆಯೋಕೆ ಎದ್ದ ಮೈಯ ರೋಗನಿರೋಧಕ ಶಕ್ತಿ ಈಗ ತನ್ನದೇ ನರಗಳ ಮೇಲೆ ಬಿದ್ದಿದೆ. ಕಾಲಿಂದ ಮೇಲಕ್ಕೆ ಏರ್ತಾ ಇದೆ. ಉಸಿರಿನ ತನಕ ಬರಬಹುದು. ಕಾಲು ಮರಗಟ್ಟಿದ್ದು ಮೊದಲು ಯಾರಿಗೂ ಗೊತ್ತಾಗಲಿಲ್ವಾ?” ಗಿಲ್ಲನ್ ಬಾರೆ ಎಂದು ರೋಗದ ಹೆಸರು ಬರೆದುಕೊಟ್ಟರು. ಕಾಡುಹಂದಿ ಹೊಡೆಯಲು ಕೂರಿಸಿದ ಕಾವಲುಗಾರ ಮನೆಯವರಿಗೇ ಗುಂಡು ಹೊಡೆದ ಹಾಗೆ ಎಂದು ಜೊತೆಗೆ ಬಂದಿದ್ದ ಅವಳ ಗಂಡನಿಗೆ ವಿವರಿಸಿದೆ. ಡಾಕ್ಟರ ಪ್ರಶ್ನೆಗೆ ಮಾತ್ರ ಬಾಯಿ ಬಿಡಲಿಲ್ಲ.

ಉಸಿರಿನ ತನಕ ಬಂದೇಬಿಟ್ಟಿತು. ಹನ್ನೊಂದು ದಿನ ಯಂತ್ರ ಅವಳ ಪರವಾಗಿ ಉಸಿರಾಡಿತು. ನಾನು ವರಾಂಡದಲ್ಲಿ ಎಷ್ಟು ಓಡಾಡಿದೆನೆಂದರೆ ನೆಲ ಒರೆಸುವ ಹೆಂಗಸು “ಒಂದು ಕಡೆ ಕೂತ್ಕೊಳ್ಳಿ ಮಾರಾಯ್ರೇ” ಎಂದು ಬೈದಳು. ಬದುಕಿದಳು ಸುಶೀಲ. ಗೋಡೆ ಹಿಡಿದು ನಡೆಯಲು ಎಂಟು ತಿಂಗಳು ಬೇಕಾಯಿತು. ಅಂಗಾಲಿನ ಸ್ಪರ್ಶ ಪೂರ್ತಿ ಬರಲೇ ಇಲ್ಲ. ಈಗ ಅವಳು ಬೆಂಚಿನ ಮೇಲೆ ಕೂತು, ಒಳ್ಳೆಯ ಕಾಫಿಯಿಂದ ಕೆಟ್ಟ ಕಪ್ಪು ಬೀಜ ಆರಿಸಿ ತೆಗೆಯುತ್ತಾಳೆ. ಬಂದವರಿಗೆಲ್ಲ “ರೈಟ್ರು ಇರದಿದ್ರೆ ನಾನು ಇರ್ತಿರ್ಲಿಲ್ಲ” ಅನ್ನುತ್ತಾಳೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಏನೋ ಕೆಲಸದ ನೆವ ಮಾಡಿ ಅಲ್ಲಿಂದ ಎದ್ದು ಹೋಗುತ್ತೇನೆ.

ಇವತ್ತು ಮನೆಯಲ್ಲಿ ನಿಲ್ಲಲಾಗದೆ ಹಾಜರಿಗೆ ಮೊದಲೇ ಬೀಜ ಆರಿಸುವಲ್ಲಿಗೆ ಹೋದೆ. ಸುಶೀಲ ಬಂದು ಕೂತಿದ್ದಳು, ಬೇರೆ ಯಾರೂ ಇರಲಿಲ್ಲ. ನಿಂತುಕೊಂಡೇ ಹೇಳಿಬಿಟ್ಟೆ.

“ಸುಶೀಲ, ಅವತ್ತು ನಿನ್ನ ಕಾಲಿನ ಬೊಬ್ಬೆ ನಾನು ನೋಡಿದ್ದೆ. ನೋಡಿಯೂ ಸುಮ್ಮನಿದ್ದೆ.”

ಅವಳು ಬೀಜ ಆರಿಸುವುದನ್ನು ನಿಲ್ಲಿಸಲಿಲ್ಲ.

“ನಂಗೂ ಗೊತ್ತಿತ್ತು ರೈಟ್ರೇ. ಅವತ್ತು ಬೆಳಿಗ್ಗೆಯಿಂದ್ಲೇ ಕಾಲು ನಂದಲ್ಲ ಅನ್ನೋ ಹಾಗಿತ್ತು. ಅದನ್ನ ಹೇಳೋಕೇ ನಿಮ್ಮ ಹತ್ರ ಬಂದಿದ್ದು. ಅಷ್ಟ್ರಲ್ಲಿ ನೀವು ಎಲ್ಲರ ಎದುರು ಹೊಗಳಿಬಿಟ್ರಿ. ಹದಿನೆಂಟು ವರ್ಷದಲ್ಲಿ ಅದೇ ಮೊದ್ಲು. ಮತ್ತೆ ಹೇಗೆ ಹೇಳೋದು, ಕಾಲಿಗೆ ಎಂತದೋ ಆಗಿದೆ, ಅದಕ್ಕೇ ಸುಡ್ತಿಲ್ಲ ಅಂತ?”

ಅವಳು ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಬಿಟ್ಟಳು. ಕೆಲಸದವರು ಒಬ್ಬೊಬ್ಬರಾಗಿ ಬರುವ ತನಕ ನಾನು ಅವಳ ಪಕ್ಕದಲ್ಲೇ ಕೂತು, ಅವಳು ತೋರಿಸಿಕೊಟ್ಟ ಹಾಗೆ ಕಪ್ಪು ಬೀಜ ಆರಿಸಿದೆ.