ಅಮ್ಮ ಬಂದಿದ್ದ ವಾರ

ಕೇಳುವವರಿಲ್ಲದ ಮನೆಯಲ್ಲಿ ನರಳುವುದು ಬಹಳ ಕಷ್ಟ. ನಾನು ಪ್ರಯತ್ನಿಸಿ ನೋಡಿದ್ದೇನೆ. ಮೊದಲ ಸಲ ನಾಟಕದವರ ಹಾಗೆ ಕೇಳಿಸಿತು; ಎರಡನೆಯ ಸಲ ನನಗೇ ನಾಚಿಕೆಯಾಗಿ ನಿಲ್ಲಿಸಿಬಿಟ್ಟೆ. ತುಮಕೂರಿನ ನಮ್ಮ ಮನೆಯಲ್ಲಿ ಹಾಗಲ್ಲ. ಒಂದು ಸೀನು ಬಂದರೆ ಸಾಕು, ಅಜ್ಜಿ ಕಷಾಯಕ್ಕೆ ಇಡುತ್ತಿದ್ದರು, ತಾಯಿ ಹಣೆ ಮುಟ್ಟಿ ನೋಡುತ್ತಿದ್ದರು, ಅಪ್ಪ ಪತ್ರಿಕೆಯಿಂದ ತಲೆಯೆತ್ತಿ "ಏನಂತೆ?" ಎನ್ನುತ್ತಿದ್ದರು. ಇಷ್ಟು ಜನ ಸೇರಿ ನಡೆಸುತ್ತಿದ್ದ ಇಲಾಖೆಯನ್ನು ಭದ್ರಾವತಿಯಲ್ಲಿ ನಾನೊಬ್ಬಳೇ ನೋಡಿಕೊಳ್ಳಬೇಕಾಯಿತು.

ನನಗಾಗ ಇಪ್ಪತ್ತಮೂರು. ಅಲ್ಲಿನ ಮಿಡ್ಲ್ ಸ್ಕೂಲೊಂದಕ್ಕೆ ವಿಜ್ಞಾನದ ಉಪಾಧ್ಯಾಯಿನಿಯಾಗಿ ಬಂದು ಒಂದು ತಿಂಗಳಾಗಿತ್ತು. ಕಾಗದನಗರದ ಅಂಚಿನಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಹಿಡಿದಿದ್ದೆ. ಹೆಣ್ಣುಮಗಳು ಒಬ್ಬಳೇ ಹೇಗಿರುತ್ತಾಳೆ ಎಂದು ಅಪ್ಪ ಚಿಂತಿಸಿದಾಗ, "ಬಾಗಿಲು ಹಾಕ್ಕೊಂಡರೆ ಆಯ್ತಪ್ಪ" ಎಂದು ಹೇಳಿ ಬಂದವಳು ನಾನು. ಆ ಸೋಮವಾರ ಬಾಗಿಲು ಹಾಕಿಕೊಂಡೇ ಇದ್ದೆ. ಜ್ವರ ಒಳಗಿತ್ತು.

ಮರುದಿನ ಕನ್ನಡಿಯಲ್ಲಿ ನೋಡಿದರೆ ಮುಖದ ತುಂಬ ನೀರುಗುಳ್ಳೆ. ಸೀತಾಳೆ ಸಿಡುಬು. ಹದಿನೈದು ದಿನದ ಹಿಂದಷ್ಟೇ ಅಂಟುರೋಗಗಳ ಪಾಠ ಮಾಡಿದ್ದೆ. ತರಗತಿಯ ಯಾವುದೋ ಮಗು ಆ ಪಾಠವನ್ನು ಪ್ರಯೋಗಸಮೇತ ನನಗೆ ಹಿಂದಿರುಗಿಸಿತ್ತು. ಊರಿಗೆ ತಿಳಿಸುವಂತಿರಲಿಲ್ಲ. ತಿಳಿಸಿದರೆ ತಾಯಿ ಮೊದಲ ರೈಲಿಗೇ ಬಂದು, ಎರಡನೆಯ ರೈಲಿಗೆ ನನ್ನನ್ನೂ ನನ್ನ ನೌಕರಿಯನ್ನೂ ಕಟ್ಟಿಕೊಂಡು ಹೋಗುತ್ತಿದ್ದರು. ಆದ್ದರಿಂದ ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ದೂರದ ದೊಡ್ಡಪ್ಪನವರಿಗೆ ಒಂದು ಕಾರ್ಡು ಬರೆದೆ. ತಕ್ಷಣ ಉತ್ತರ ಬಂತು: "ಪೂರ್ತಿ ಗುಣವಾದ ಮೇಲೆ ಖಂಡಿತ ಬಾ." 'ಪೂರ್ತಿ' ಎಂಬುದರ ಕೆಳಗೆ ಗೆರೆ ಎಳೆದಿದ್ದರು.

ಆ ಉತ್ತರ ಬರುವ ಹೊತ್ತಿಗೆ ಮಡಕೆಯಲ್ಲಿ ನೀರು ಮುಗಿದಿತ್ತು. ಕೊಳಾಯಿ ಹಿತ್ತಲಲ್ಲಿ, ನಾಲ್ಕು ಮನೆಗೆ ಒಂದು. ಅಲ್ಲಿಗೆ ಹೋಗಲು ಕಾಲಲ್ಲಿ ಶಕ್ತಿಯಿರಲಿಲ್ಲ. ಹೋದರೆ ನಾಲ್ಕು ಮನೆಗೂ ರೋಗ ಹಂಚಿದಂತೆ. ಬಾಯಿ ಒಣಗಿ, ಇನ್ನು ಅಪ್ಪನಿಗೆ ತಂತಿ ಕೊಡುವುದೇ ಸರಿ ಎಂದುಕೊಳ್ಳುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು.

ಪಕ್ಕದ ತಮಿಳರ ಮನೆಯ ಕಣ್ಣಮ್ಮ. ಗಂಡ ಮಾಣಿಕ್ಕಂ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮಗಳು ಸೆಲ್ವಿ ನನ್ನ ಏಳನೆಯ ತರಗತಿಯಲ್ಲಿದ್ದಳು. ಅಲ್ಲಿಯವರೆಗೆ ಕಣ್ಣಮ್ಮನಿಗೂ ನನಗೂ ಕೊಳಾಯಿಯ ಹತ್ತಿರ ನಗುವಷ್ಟೇ ಪರಿಚಯ.

"ಎರಡು ದಿನದಿಂದ ನೀರಿಗೇ ಬರ್ಲಿಲ್ವಲ್ಲ ಟೀಚರಮ್ಮ."

"ಹತ್ತಿರ ಬರಬೇಡಿ, ಅಂಟುರೋಗ," ಎಂದು ಬಾಗಿಲನ್ನು ಸ್ವಲ್ಪವೇ ತೆರೆದೆ.

ಓಡುತ್ತಾಳೆ ಎಂದುಕೊಂಡೆ. ಆಕೆ ಚಪ್ಪಲಿ ಬಿಟ್ಟು ಕೈಮುಗಿದಳು. "ಬಂದ್ಬಿಟ್ಯಾ ತಾಯೇ," ಎಂದಳು. ಅದು ನನಗೆ ಹೇಳಿದ್ದಲ್ಲವೆಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಈ ಕಾಯಿಲೆಗೆ ಜನ 'ಅಮ್ಮ' ಎನ್ನುತ್ತಾರೆ. ಮಾರಿಯಮ್ಮನೇ ಬಂದು ಮೈಮೇಲೆ ಕೂತಿದ್ದಾಳೆಂದು ನಂಬಿಕೆ.

ಅರ್ಧ ಗಂಟೆಯಲ್ಲಿ ಬಾಗಿಲಿಗೆ ಬೇವು, ಹಾಸಿಗೆಗೆ ಬೇವು, ಮಡಕೆ ತುಂಬ ನೀರು, ತಣ್ಣಗಿನ ರಾಗಿ ಗಂಜಿ. ದೇವಿಗೆ ಆಗುವುದಿಲ್ಲವೆಂದು ಆಕೆ ತನ್ನ ಮನೆಯಲ್ಲೂ ಒಗ್ಗರಣೆ ನಿಲ್ಲಿಸಿದಳು. ಮಾಣಿಕ್ಕಂ ಸಪ್ಪೆ ಸಾರು ಉಂಡು ಕೆಲಸಕ್ಕೆ ಹೋದ. ಇದು ದೇವಿಯಲ್ಲ, ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿ ಎಂದು ನಾನು ವಿವರಿಸಿದೆ. ಕೈಕಟ್ಟಿಕೊಂಡು ಕೇಳಿ, "ನೀನು ಏನ್ ಹೇಳಿದ್ರೂ ಸರಿ ತಾಯೇ," ಎಂದಳು. ನನ್ನ ಪಾಠವನ್ನು ಅಷ್ಟು ಶ್ರದ್ಧೆಯಿಂದ ಯಾರೂ ಕೇಳಿರಲಿಲ್ಲ.

ಶನಿವಾರ ಮಧ್ಯಾಹ್ನ ಗಂಡನನ್ನೂ ಕರೆದುಕೊಂಡು ಬಂದಳು. ಅವನು ಹೊಸಿಲಾಚೆ, ಟವಲನ್ನು ಸೊಂಟಕ್ಕೆ ಸುತ್ತಿಕೊಂಡು ನಿಂತ.

"ತಾಯೇ, ಇವರ ಅಕ್ಕ ಸೇಲಂನಿಂದ ಕಾಗದ ಬರ್ದಿದಾರೆ. ಸೆಲ್ವೀನ ಅವರ ಮಗನಿಗೆ ಕೊಡ್ಬೇಕಂತೆ, ಈ ಸಂಕ್ರಾಂತಿ ಆದ್ಮೇಲೆ. ಇವರು ಹ್ಞೂ ಅಂದಿದಾರೆ. ಹುಡುಗಿಗೆ ಇನ್ನೂ ಹನ್ನೆರಡು. ನೀನೇ ಒಂದು ಮಾತು ಹೇಳು."

ತರಗತಿಯಲ್ಲಿ 'ಯಾಕೆ ಮಿಸ್' ಎಂದು ಕೇಳುತ್ತಿದ್ದವಳು ಸೆಲ್ವಿ ಒಬ್ಬಳೇ. ಟೀಚರಾಗಿ ನಾನು ಏನು ಹೇಳಿದರೂ ಮಾಣಿಕ್ಕಂ ಮರ್ಯಾದೆಯಿಂದ ತಲೆದೂಗಿ, ಸೇಲಂಗೆ ರೈಲು ಹತ್ತುವವನೇ. ಜ್ವರದ ಮೇಲೆ ತಪ್ಪು ಹೊರಿಸುವಂತೆಯೂ ಇಲ್ಲ; ಅದು ಬೆಳಿಗ್ಗೆಯೇ ಬಿಟ್ಟಿತ್ತು. ಕಣ್ಣು ಮುಚ್ಚಿಕೊಂಡೆ.

"ಹುಡುಗಿ ಓದಲಿ," ಎಂದೆ. ಗಂಟಲಲ್ಲೂ ಗುಳ್ಳೆಯಾಗಿದ್ದರಿಂದ ಸ್ವರ ಬಾವಿಯೊಳಗಿಂದ ಬಂದಂತೆ ಬಂತು.

"ಎಷ್ಟು ವರ್ಷ ತಾಯೇ?" ಎಂದ ಮಾಣಿಕ್ಕಂ.

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. "ನಾನು ಸಾಕು ಅನ್ನೋ ತನಕ," ಎಂದೆ. ಅವನು ಮೆಟ್ಟಿಲ ಮೇಲೆಯೇ ಉದ್ದಕ್ಕೆ ಅಡ್ಡಬಿದ್ದ.

ಬೇವಿನ ನೀರೆರೆದು ದೇವಿಯನ್ನು ಕಳಿಸಿಕೊಟ್ಟದ್ದಾಯಿತು. ಸೇಲಂಗೆ ಮಾಣಿಕ್ಕಂ ಏನು ಬರೆದನೋ, ಸೆಲ್ವಿ ಶಾಲೆಗೆ ಬರುತ್ತಲೇ ಇದ್ದಳು. ನನಗೆ ಮಾತ್ರ ಕಣ್ಣಮ್ಮನ ಮುಖ ನೋಡಲಾಗುತ್ತಿರಲಿಲ್ಲ. ನೀರು ಹೊತ್ತು ತಂದು ಕುಡಿಸಿದವಳಿಗೆ ಮೋಸ ಮಾಡಿದ್ದೆ. ಒಂದು ತಿಂಗಳು ತಡೆದು, ಒಂದು ದಿನ ಕೊಳಾಯಿಯ ಹತ್ತಿರ ಹೇಳಿಬಿಟ್ಟೆ. "ಕಣ್ಣಮ್ಮ, ಅವತ್ತು ಮಾತಾಡಿದ್ದು ಅಮ್ಮ ಅಲ್ಲ, ನಾನು."

ಆಕೆ ಕೊಡವನ್ನು ನೀರಿನ ಕೆಳಗೆ ಸರಿಸಿದಳು. "ಗೊತ್ತು ಟೀಚರಮ್ಮ. ನಮ್ಮ ಮಾರಿಯಮ್ಮಂಗೆ ಕನ್ನಡ ಎಲ್ಲಿ ಬರುತ್ತೆ?"

"ಮತ್ತೆ ನಿಮ್ಮ ಯಜಮಾನರು?"

"ಅವರಿಗೆ ಅದು ಹೊಳೀಲಿಲ್ಲ." ತುಂಬಿದ ಕೊಡವನ್ನು ಪಕ್ಕಕ್ಕಿಟ್ಟು ಕೇಳಿದಳು, "ಇದು ಒಬ್ಬರಿಗೆ ಎರಡನೇ ಸಲ ಬರುತ್ತಾ?"

ವಿಜ್ಞಾನದ ಉಪಾಧ್ಯಾಯಿನಿ ನಿಜವನ್ನೇ ಹೇಳಬೇಕು. "ಸಾಮಾನ್ಯವಾಗಿ ಬರಲ್ಲ," ಎಂದೆ.

"ಅದನ್ನ ಅವರಿಗೆ ಹೇಳೋದು ಬೇಡ," ಎಂದು ಕೊಡ ಎತ್ತಿಕೊಂಡು ಹೋದಳು.

ನಾನು ಹೇಳಲಿಲ್ಲ. ಸೆಲ್ವಿ ಎಸ್ಸೆಸ್ಸೆಲ್ಸಿ ಮುಗಿಸುವ ತನಕ ಮಾಣಿಕ್ಕಂ ನಾನು ಎದುರಾದಾಗಲೆಲ್ಲ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದ. ಉಪಾಧ್ಯಾಯರ ಮೇಲೆ ಈ ಊರಿನವರಿಗೆ ಬಹಳ ಗೌರವ ಎಂದು ಅಪ್ಪನಿಗೆ ಬರೆದೆ.