ಕೊಬ್ಬರಿ ಮಾವನ ಕೋಟೆ ತಪಾಸಣೆ

ಗುಬ್ಬಿಯ ಕೊಬ್ಬರಿ ವ್ಯಾಪಾರಿ ವೆಂಕಟರಂಗಯ್ಯ ಕಿವಿ ಹತ್ತಿರ ಹಿಡಿದು ಅಲ್ಲಾಡಿಸದೆ, ಬೆರಳು ಮಡಚಿ ಕುಟ್ಟದೆ ಯಾವುದನ್ನೂ ನಂಬಿದವರಲ್ಲ. ಅವರ ಮಗಳು ಬಿಂದುಶ್ರೀಯನ್ನು ಕೊಡಿ ಎಂದು ಬಾಯಿಬಿಟ್ಟು ಕೇಳುವ ಧೈರ್ಯವಿಲ್ಲದ ಸೋದರಳಿಯ ಚಂದ್ರು, ತುಮಕೂರಿನಲ್ಲಿ ತಿಂಗಳ ಸಂಬಳಕ್ಕೆ ದುಡಿಯುವ ಬಡಪಾಯಿ, ಮಾವನ ಮನಸ್ಸು ಕರಗಲೆಂದು ಸಾಲ ಮಾಡಿ ಅವರನ್ನು ಸ್ಕಾಟ್ಲೆಂಡಿನ ಕೋಟೆಗಳ ಟೂರಿಗೆ ಕರೆತಂದಿದ್ದ. ಮದುವೆಗೆ ಮುಂಚೆಯೇ ಮಾವನ ಜೊತೆ ಹನಿಮೂನಿಗೆ ಹೊರಟ ಗಂಡು ಇಡೀ ಜಿಲ್ಲೆಗೆ ತಾನೊಬ್ಬನೇ ಎಂಬುದು ಅವನಿಗೂ ಗೊತ್ತಿತ್ತು. "ಏನ್ಲಾ ಚಂದ್ರು, ಸುಮ್‌ಸುಮ್ಕೆ ಯಾರೂ ಯಾರ್ನೂ ಫಾರಿನ್‌ಗೆ ಕರ್ಕಂಡ್ ಬರಲ್ಲ, ಅಲ್ವಾ?" ಎಂದು ಮಾವ ದಿನಾ ತಿಂಡಿ ಹೊತ್ತಿಗೆ ಕೇಳುವರು. ಕೋಟೆಯ ಗೋಡೆ ಕುಟ್ಟುವರು, ಸಿಂಹಾಸನ ಕುಟ್ಟುವರು, ಉಕ್ಕಿನ ಕವಚ ತೊಟ್ಟು ನಿಂತ ಬೊಂಬೆಯ ಎದೆ ಕುಟ್ಟಿ, "ಒಳಗೆ ತಿರುಳೇ ಇಲ್ಲ, ನಿನ್ ಥರಾನೇ" ಅನ್ನುವರು. ರಾಣಿಯ ಕೋಣೆಯಲ್ಲಿ ಮಾತ್ರ ಆ ಕೈ ಸುಮ್ಮನಾಯಿತು. ದೂರದ ದೇಶದಿಂದ ಮದುವೆಯಾಗಿ ಬಂದ ಆ ಹುಡುಗಿ ಮತ್ತೆ ತವರು ನೋಡಲೇ ಇಲ್ಲ ಎಂದು ಗೈಡ್ ಹೇಳಿದ್ದನ್ನು ಚಂದ್ರು ಕನ್ನಡದಲ್ಲಿ ತಿಳಿಸಿದ. ಮಾವ ಬಾಗಿಲನ್ನು ಹಿಂದೆ ಮುಂದೆ ಸವರಿ ನೋಡಿದರು. "ಚಿಲಕ ಹೊರಗಡೆ ಮಾತ್ರ ಐತೆ ಕಣೋ," ಎಂದವರು ಅವನತ್ತ ತಿರುಗಿ, "ನಿನ್ ಮನೆ ರೂಮಿಗೆ?" ಎಂದರು. ಚಂದ್ರು ತನ್ನ ಬಾಡಿಗೆ ಮನೆಯ ಬಾಗಿಲನ್ನು ನೆನೆದುಕೊಂಡ. "ಎರಡೂ ಕಡೆ ಐತೆ ಮಾವ." "ಹೊರಗಿಂದು ಬಿಚ್ಚಾಕು," ಎಂದರು ವೆಂಕಟರಂಗಯ್ಯ, "ಆಮೇಲೆ ಬಂದು ಹೆಣ್ ಕೇಳು."